ಸಿಲೆಬಸ್ಸಿನಲ್ಲಿ ಸಮಪಾಲು

ನಲವತ್ತು ದಾಟಿದ ಮೇಲೆ ನಾನು ಬಿ.ಎ. ಸೇರಿದೆ. ದೂರಶಿಕ್ಷಣದ ಬಿ.ಎ. ಭಾನುವಾರಗಳಲ್ಲಿ ಮೂಡಿಗೆರೆಯ ಒಂದು ಕಾಲೇಜಿನ ಕೋಣೆಯಲ್ಲಿ ತರಗತಿ ನಡೆಯುತ್ತಿತ್ತು. ಪಿಯುಸಿ ಮುಗಿದ ವರ್ಷವೇ ಮದುವೆ ಮಾಡಿ ಕಳಿಸಿದ್ದರಿಂದ ಓದಿನ ಆಸೆ ನನ್ನಲ್ಲಿ ಹಾಗೇ ಉಳಿದಿತ್ತು. ನಮ್ಮ ಮನೆಯವರು ಕೇಳಿದವರೇ, ಸೇರು, ಟೈಮ್ ಪಾಸ್ ಆಗುತ್ತೆ ಅಂದರು. ಬೆಳಗಾಗೆದ್ದು ಆಳುಗಳಿಗೆ ಕಾಫಿ ತಿಂಡಿ, ಬಿಸಿಲೇರಿದರೆ ಕಣದಲ್ಲಿ ಒಣಹಾಕಿದ ಕಾಫಿ ಹಣ್ಣು ಕೆದಕಿಸುವುದು, ಸಂಜೆ ಮೋಡ ಕಂಡರೆ ಟಾರ್ಪಾಲು ಹಿಡಿದು ಓಡುವುದು. ಇದರ ನಡುವೆ ನನಗೆ ಟೈಮ್ ಪಾಸ್ ಆಗದೆ ಕಷ್ಟವಾಗಿದೆ ಅಂತ ಅವರಿಗೆ ಯಾರು ಹೇಳಿದ್ದರೋ ಕಾಣೆ.

ನಾನು ಏನೇನೋ ಅಂದುಕೊಂಡು ಹೋಗಿದ್ದೆ. ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ಅಂದರೆ, ಮನುಷ್ಯರು ಯಾಕೆ ಹೀಗೆ ಬದುಕುತ್ತಾರೆ ಅಂತ ಯಾರಾದರೂ ಕೂತು ಬಿಡಿಸಿ ಹೇಳುತ್ತಾರೆ ಅನ್ನುವ ನಂಬಿಕೆ. ಹೋಗಿ ನೋಡಿದರೆ ಬೆಂಚುಗಳ ತುಂಬ ಬಡ್ತಿಗೆ ಡಿಗ್ರಿ ಬೇಕಾದವರು. ಹಿಂದಿನ ಬೆಂಚಿನಲ್ಲಿ ಒಬ್ಬ ಫಾರೆಸ್ಟ್ ಗಾರ್ಡು ಟೋಪಿಯನ್ನು ಮುಖದ ಮೇಲಿಟ್ಟುಕೊಂಡು ನಿದ್ದೆ ಹೊಡೆಯುತ್ತಿದ್ದ. ದೊಡ್ಡ ಪ್ಲಾಂಟರ್ ಒಬ್ಬರ ಮಗನಿಗೆ ಡಿಗ್ರಿ ಇಲ್ಲ ಅಂತ ಯಾರೂ ಹೆಣ್ಣು ಕೊಡುತ್ತಿರಲಿಲ್ಲವಂತೆ. ಅವನು ಜೀಪಿನ ಇಂಜಿನ್ನನ್ನೂ ಆರಿಸದೆ ಒಳಗೆ ಬಂದು ಹಾಜರಿ ಹಾಕಿ ಹೋಗಿಬಿಡುತ್ತಿದ್ದ. ಆಮೇಲೆ ಅವನ ಮದುವೆ ಗೊತ್ತಾಯಿತು, ಅಲ್ಲಿಗೆ ಅವನ ವಿದ್ಯೆಯೂ ಮುಗಿಯಿತು.

ಸಮಾಜಶಾಸ್ತ್ರಕ್ಕೆ ಒಬ್ಬ ಮೇಷ್ಟ್ರು. ವಾರದ ದಿನಗಳಲ್ಲಿ ಬೇರೆ ಕಾಲೇಜಿನಲ್ಲಿ ಪಾಠ ಮಾಡಿ ಭಾನುವಾರ ನಮಗಾಗಿ ಬರುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಮೊದಲ ದಿನ ಬಂದವರೇ ಬರ್ಕೊಳಿ ಅಂದರು. ಬರೆದುಕೊಂಡೆವು. ಸಮಾಜಶಾಸ್ತ್ರ ಎಂದರೆ ಸಮಾಜವನ್ನು ಕುರಿತು ಅಧ್ಯಯನ ಮಾಡುವ ಶಾಸ್ತ್ರ. ಅಡುಗೆ ಎಂದರೆ ಅಡುಗೆ ಮಾಡುವ ಕೆಲಸ ಅಂತ ನಾನು ಯಾರಿಗಾದರೂ ಕಲಿಸಲು ಹೋದರೆ ಸೌಟು ಕಿತ್ತುಕೊಂಡು ಹೊರಗೆ ಕಳಿಸುತ್ತಾರೆ. ಇವರಿಗೆ ಅದಕ್ಕೆ ಸಂಬಳ ಕೊಡುತ್ತಿದ್ದರು.

ಅವರ ಕೈಯಲ್ಲಿ ಪಾಠದ ಪುಸ್ತಕವೂ ಇರುತ್ತಿರಲಿಲ್ಲ, ಬಜಾರಿನಲ್ಲಿ ಸಿಗುವ ಗೈಡು ಇರುತ್ತಿತ್ತು. ಎಲ್ಲದಕ್ಕೂ ಒಂದಿಷ್ಟು ಗುಣ, ಒಂದಿಷ್ಟು ದೋಷ. ಜಾತಿಗೂ ಅಷ್ಟೇ, ಕುಟುಂಬಕ್ಕೂ ಅಷ್ಟೇ. ಅವಿಭಕ್ತ ಕುಟುಂಬದಲ್ಲಿ ತ್ಯಾಗ ಮನೋಭಾವ ಬೆಳೆಯುತ್ತದೆ ಅಂತ ಬರೆಸಿದಾಗ ನಾನು ಕೈಯೆತ್ತಿ, ಯಾರ ತ್ಯಾಗ ಸರ್ ಅಂತ ಕೇಳಿದೆ. ಅದು ಪರೀಕ್ಷೆಗೆ ಬರಲ್ಲ ಮೇಡಂ ಅಂದರು. ಪಕ್ಕದಲ್ಲಿದ್ದ ಅಂಗನವಾಡಿ ಟೀಚರು ನನ್ನ ಮೊಣಕೈ ತಿವಿದು, ಸುಮ್ನಿರಿ ಮಾರಾಯ್ರೆ, ಬೇಗ ಬಿಟ್ರೆ ಬಸ್ ಸಿಗುತ್ತೆ ಅಂದಳು. ಕೈ ಇಳಿಸಿ ಬರೆದುಕೊಂಡೆ. ಬಸ್ಸಂತೂ ಸಿಕ್ಕಿತು.

ಅದೇ ದಿನಗಳಲ್ಲಿ ಅಣ್ಣನ ಫೋನು ಬಂತು. ನನ್ನ ತವರು ಬಣಕಲ್ ಹತ್ತಿರ. ಅಮ್ಮ ಹೋಗಿ ತುಂಬ ಕಾಲವಾಗಿತ್ತು, ಅಪ್ಪ ತೀರಿಕೊಂಡು ವರ್ಷವಾಗಿತ್ತು. ತೋಟ ಅಪ್ಪನ ಹೆಸರಲ್ಲೇ ಇತ್ತು, ಮಕ್ಕಳು ನಾವಿಬ್ಬರೇ. ಖಾತೆ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು, ನೀನೊಂದು ದಿನ ಬಂದು ಸೈನ್ ಹಾಕಿ ಹೋಗು, ಆಧಾರ್ ಕಾರ್ಡು ಮರೀಬೇಡ ಅಂದ. ಮದುವೆಗೆ ಕರೆದಷ್ಟೇ ಸಲೀಸಾಗಿ ಕರೆದ. ನಾನೂ ಅಷ್ಟೇ ಸಲೀಸಾಗಿ ಹೂಂ ಅಂದೆ.

ನಮ್ಮ ಕಡೆ ಇದಕ್ಕೆ ಒಂದು ಕ್ರಮವೇ ಇದೆ. ಅಪ್ಪ ಹೋದ ಮೇಲೆ ಹೆಣ್ಣುಮಕ್ಕಳು ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ನನಗೆ ಪಾಲು ಬೇಡ, ಎಲ್ಲ ಅಣ್ಣ ತಮ್ಮಂದಿರಿಗೇ ಇರಲಿ ಅಂತ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕು. ಅವತ್ತು ತವರಲ್ಲಿ ಒಬ್ಬಟ್ಟಿನ ಊಟ. ರೇಷ್ಮೆ ಸೀರೆ, ರವಿಕೆ ಕಣ, ಕಾಯಿ, ವೀಳ್ಯದೆಲೆ ಇಟ್ಟು ಮಡಿಲು ತುಂಬಿ, ಜೀಪಿನಲ್ಲಿ ಕೂರಿಸಿ ಕಳಿಸುತ್ತಾರೆ. ದೊಡ್ಡ ಎಸ್ಟೇಟಿನವರಲ್ಲೂ ಹೀಗೇ, ಸಣ್ಣ ತೋಟದವರಲ್ಲೂ ಹೀಗೇ. ಸೀರೆಯ ಜರಿಯಲ್ಲಿ ವ್ಯತ್ಯಾಸ ಇರಬಹುದು.

ಫೋನಾದ ಮೇಲೆ ತವರಿನ ಪ್ರೀತಿ ಉಕ್ಕಿ ಹರಿಯತೊಡಗಿತು. ದೀಪಾವಳಿಗೂ ನೆನಪು ಮಾಡಿಕೊಳ್ಳದ ಅಣ್ಣ ಜೇನುತುಪ್ಪ ಕಳಿಸಿದ, ಕಾಳುಮೆಣಸು ಕಳಿಸಿದ. ಅವನ ಹೆಂಡತಿ ಫೋನು ಮಾಡಿ, ನಿಮಗೆ ಮೆರೂನ್ ಒಪ್ಪುತ್ತೋ ಹಸಿರು ಒಪ್ಪುತ್ತೋ ಅಂತ ಕೇಳಿದಳು. ಅಮ್ಮ ಹೋದಾಗಿನಿಂದ ಆ ಮನೆಯಲ್ಲಿ ನನಗೆ ಏನು ಒಪ್ಪುತ್ತದೆ ಅಂತ ಯಾರೂ ಕೇಳಿದ್ದಿಲ್ಲ. ಬೆಣ್ಣೆ ಹಚ್ಚುವುದಕ್ಕೂ ಒಂದು ನಾಜೂಕು ಬೇಡವೇ? ಸಿಟ್ಟು ಬಂತು, ಆದರೂ ಮೆರೂನ್ ಅಂದೆ.

ಮುಂದಿನ ಭಾನುವಾರ ಮೇಷ್ಟ್ರು ಮಹಿಳೆ ಮತ್ತು ಆಸ್ತಿ ಅನ್ನುವ ಪಾಠ ತೆಗೆದರು. ಹೆಣ್ಣುಮಕ್ಕಳಿಗೂ ತಂದೆಯ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲಿದೆ, ಕಾನೂನು ಅವರಿಬ್ಬರಲ್ಲಿ ಭೇದ ಮಾಡುವುದಿಲ್ಲ ಅಂತ ಬರೆಸಿದರು. ಈ ವಿಷಯ ನನಗೆ ಗೊತ್ತಿರಲಿಲ್ಲ ಅಂತಲ್ಲ. ಟಿವಿಯಲ್ಲಿ, ಪೇಪರಿನಲ್ಲಿ ಕಂಡಿದ್ದೆ. ಆದರೆ ನನ್ನದೇ ಕೈಯಿಂದ ಬರೆದಾಗ ಯಾಕೋ ಅದು ನನಗೇ ಹೇಳಿದ ಹಾಗಿತ್ತು. ಸಹಿ ಹಾಕಿ ಬಿಟ್ಟುಕೊಟ್ಟರೆ ಏನು ಸರ್ ಅಂತ ಕೇಳಿದೆ. ಅವತ್ತು ಅವರು ಗೈಡು ಮುಚ್ಚಿ ಮೇಜಿನ ಮೇಲಿಟ್ಟರು. ಅದೇ ಮೇಡಂ ಪಿತೃಪ್ರಧಾನ ವ್ಯವಸ್ಥೆ, ನೀವೆಲ್ಲ ಎಚ್ಚೆತ್ಕೊಳ್ಬೇಕು ಅಂತ ಮೇಜು ಕುಟ್ಟಿ ಹೇಳಿದರು. ಫಾರೆಸ್ಟ್ ಗಾರ್ಡಿಗೆ ಎಚ್ಚರವಾಯಿತು. ಮೊದಲ ಸಲ ನನಗೆ ಆ ಮನುಷ್ಯನ ಮೇಲೆ ಗೌರವ ಬಂತು. ಬಸ್ಸಿನಲ್ಲಿ ಬರುವಾಗ, ಇವರನ್ನು ಸುಮ್ಮನೆ ಹೀಗಳೆದೆನಲ್ಲ ಅಂತ ಪೇಚಾಡಿಕೊಂಡೆ ಕೂಡ.

ಆದರೂ ಹೇಳಿದ ದಿನ ಅಣ್ಣನ ಜೀಪು ಬಂದು ಅಂಗಳದಲ್ಲಿ ನಿಂತಾಗ ಹತ್ತಿ ಕೂತೆ. ತವರಿನ ಮಾತಿಗೆ ಇಲ್ಲ ಅಂದು ನನಗೆ ರೂಢಿ ಇರಲಿಲ್ಲ. ಸಹಿ ಹಾಕಿದರೆ ಪಾಲು ಹೋಗುತ್ತದೆ, ಹಾಕದಿದ್ದರೆ ತವರೇ ಹೋಗುತ್ತದೆ. ಆ ಪಾಲು ಬರೀ ಜಮೀನಾಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಮನೆಯ ಮೇಲ್ಗಡೆಯ ತೋಟದ ಬ್ಲಾಕಿಗೆ ಕಾಫಿ ಸಸಿ ಹಾಕಿದ ವರ್ಷ ಆಳುಗಳು ಸಿಗದೆ, ಅಪ್ಪನ ಜೊತೆ ಗುಂಡಿಗೆ ಗಿಡ ಇಟ್ಟವಳು ನಾನು. ಅಣ್ಣ ಆಗ ಮಂಗಳೂರಿನ ಹಾಸ್ಟೆಲಿನಲ್ಲಿ ಎಂಜಿನಿಯರಿಂಗ್ ಫೇಲಾಗುತ್ತಿದ್ದ.

ಮೂಡಿಗೆರೆಯ ರಿಜಿಸ್ಟ್ರಾರ್ ಕಚೇರಿಯಲ್ಲಿ ಜನ ತುಂಬಿದ್ದರು. ಪತ್ರ ಬರೆಯುವವನು ನನ್ನ ಹೆಸರು, ಗಂಡನ ಹೆಸರು ಸರಿಯಿದೆಯಾ ನೋಡಿ ಅಂತ ಕಾಗದ ಕೊಟ್ಟ. ಯಾರ ಒತ್ತಾಯವೂ ಇಲ್ಲದೆ, ಸ್ವಂತ ಖುಷಿಯಿಂದ, ಅರಿಶಿನ ಕುಂಕುಮ ಪಡೆದು ಹಕ್ಕು ಬಿಟ್ಟುಕೊಡುತ್ತಿದ್ದೇನೆ ಅಂತ ಅದರಲ್ಲಿ ಬರೆದಿತ್ತು. ನನ್ನ ಖುಷಿಯನ್ನು ಟೈಪು ಮಾಡಿಸಿಕೊಂಡು ಬಂದಿದ್ದ ಅಣ್ಣ ಆಚೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಕೂರಲು ಜಾಗ ಹುಡುಕಿದೆ. ಗೋಡೆ ಪಕ್ಕದ ಬೆಂಚಿನಲ್ಲಿ ನಮ್ಮ ಸಮಾಜಶಾಸ್ತ್ರದ ಮೇಷ್ಟ್ರು ಕೂತಿದ್ದರು. ಅದೇ ಬಿಳಿ ಅಂಗಿ. ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬರು, ಮೇಷ್ಟ್ರ ತೊಡೆಯ ಮೇಲೆ ಸೀರೆ ಅಂಗಡಿಯ ಕವರು.

ನನ್ನನ್ನು ಕಂಡು ಎದ್ದು ನಿಂತರು. ಇವರು ನಮ್ಮಕ್ಕ ಮೇಡಂ, ಏನೋ ಸಣ್ಣ ಕೆಲಸ ಇತ್ತು ಅಂದರು. ಸಣ್ಣ ಕೆಲಸ ಏನು ಅಂತ ಅಲ್ಲಿದ್ದ ಯಾರಿಗೂ ಹೇಳಬೇಕಾಗಿರಲಿಲ್ಲ. ನಾನು ಹೋದ ಭಾನುವಾರದ ನೋಟ್ಸಿನ ಮಾತು ತೆಗೆದೆ. ಅವರು ಹತ್ತಿರ ಬಂದು ದನಿ ತಗ್ಗಿಸಿ, ‘ಅದು ಸಿಲೆಬಸ್ಸು ಮೇಡಂ. ಮನೆ ಅಂತ ಒಂದು ಇರುತ್ತಲ್ಲ’ ಅಂದರು. ಮುಖದಲ್ಲಿ ನಾಚಿಕೆಯ ಗೆರೆಯೂ ಇರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಕಳ್ಳನನ್ನಾದರೂ ಸಹಿಸಬಹುದು. ಬೀಗ ಹಾಕಿಕೊಳ್ಳಿ ಅಂತ ಭಾನುವಾರ ಊರಿಗೆಲ್ಲ ಭಾಷಣ ಮಾಡಿ ವಾರದಲ್ಲಿ ಕದಿಯಲು ಬರುವವನಿಗೆ ಏನನ್ನಬೇಕು?

ಅಷ್ಟರಲ್ಲಿ ಅವರ ಅಕ್ಕ ತಲೆಯೆತ್ತಿದರು. ‘ನಮ್ಮ ತಮ್ಮ ಏನು ಬರೆಸಿದ್ನಮ್ಮಾ?’ ಅಂತ ಕೇಳಿದರು.

ನಾನು ಹೇಳಿದೆ. ಅಪ್ಪನ ಆಸ್ತಿಯಲ್ಲಿ ಅಕ್ಕನಿಗೂ ತಮ್ಮನಿಗೂ ಸರಿಸಮ ಪಾಲಿದೆ, ಕಾನೂನು ಭೇದ ಮಾಡುವುದಿಲ್ಲ, ಹೆಣ್ಣುಮಕ್ಕಳು ಎಚ್ಚೆತ್ತುಕೊಳ್ಳಬೇಕು ಅಂತ ಒಂದೊಂದೇ ಮಾತು ಬಿಡಿಸಿ ಹೇಳಿದೆ. ಮೇಷ್ಟ್ರು ಗೋಡೆಯ ಕಡೆ ನೋಡುತ್ತಿದ್ದರು. ಆಯಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮುಖ ಅರಳಿಸಿ, ‘ಚೆನ್ನಾಗಿ ಪಾಠ ಮಾಡ್ತಾನೆ ಅಂತ ಎಲ್ರೂ ಹೇಳ್ತಾರೆ’ ಅಂದರು. ಒಳಗಿನಿಂದ ಅವರ ಹೆಸರು ಕರೆದರು. ಎದ್ದು, ಸೆರಗು ಸರಿಮಾಡಿಕೊಂಡು, ಕ್ಯಾಮೆರಾ ಮುಂದೆ ಕೂತು, ಹೆಬ್ಬೆಟ್ಟು ಒತ್ತಿ ಬಂದರು. ತಮ್ಮನ ಮೇಲಿನ ಹೆಮ್ಮೆ ಆ ಮುಖದಲ್ಲಿ ಹಾಗೆಯೇ ಇತ್ತು.

ಮೇಷ್ಟ್ರ ಮೇಲೆ ಬಂದ ಸಿಟ್ಟು ಇಳಿದೀತು, ಆ ಹೆಮ್ಮೆ ಮಾತ್ರ ನನಗೆ ಇವತ್ತಿಗೂ ತಡೆಯಲಾಗುವುದಿಲ್ಲ. ಅಣ್ಣ ಪೆನ್ನು ಹಿಡಿದುಕೊಂಡು ಬಂದ. ಇವತ್ತು ಬೇಡ, ಯೋಚನೆ ಮಾಡಿ ಹೇಳ್ತೀನಿ ಅಂದೆ. ಯೋಚನೆ ಮಾಡುವಂಥದ್ದು ಏನಿದೆ ಅಂತ ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಜನರೆಲ್ಲ ತಿರುಗಿ ನೋಡುವ ಹಾಗೆ, ‘ನಿಂಗೇನು ಕಮ್ಮಿ ಮಾಡಿದೀವಿ ನಾವು?’ ಅಂದ. ಆ ಕಾಲೇಜು ಸೇರಿದಾಗಲೇ ಗೊತ್ತಿತ್ತು, ಮನೆಯಲ್ಲಿ ನಿಮ್ಮತ್ತಿಗೆ ಒಬ್ಬಟ್ಟು ಮಾಡಿಕೊಂಡು ಕಾಯುತ್ತಿದ್ದಾಳೆ, ಅವಳಿಗೆ ಏನು ಹೇಳಲಿ ಅಂತೆಲ್ಲ ಕೂಗಾಡಿ, ನನ್ನನ್ನು ಅಲ್ಲೇ ಬಿಟ್ಟು ಜೀಪು ಹತ್ತಿದ. ನಾನು ಬಸ್ ಸ್ಟ್ಯಾಂಡಿನ ತನಕ ನಡೆದೆ. ಅಪ್ಪ ಸತ್ತಾಗ ಬಾರದ ಅಳು ಅವತ್ತು ನಡುರಸ್ತೆಯಲ್ಲಿ ಬಂತು. ಇನ್ನು ಆ ಮನೆಯ ಹೊಸ್ತಿಲು ನನಗಿಲ್ಲ ಅಂತ ಗೊತ್ತಾಗಿಹೋಗಿತ್ತು.

ಮನೆಗೆ ಬಂದು ಹೇಳಿದರೆ ನಮ್ಮ ಮನೆಯವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಟೈಮ್ ಪಾಸಿನ ಮನುಷ್ಯನಿಗೆ ಒಮ್ಮೆಲೇ ಸ್ತ್ರೀಸಮಾನತೆಯ ಮೇಲೆ ಅಪಾರ ಭಕ್ತಿ ಬಂದುಬಿಟ್ಟಿತು. ಕಾನೂನು ಇರೋದು ಯಾತಕ್ಕೆ, ನಿನ್ನ ಹಕ್ಕು ನೀನು ಕೇಳ್ತೀಯ, ಕೇಳುವುದಾದರೆ ಹೊಳೆ ಬದಿಯ ಬ್ಲಾಕೇ ಕೇಳು, ನೀರಿಗೆ ಅನುಕೂಲ ಅಂದರು. ಊಟಕ್ಕೆ ಕೂತಾಗಲೂ ಅದೇ ಮಾತು. ನನ್ನ ತವರು ನನ್ನಿಂದ ತಪ್ಪಿಹೋದ ದಿನ ಇವರು ಪಂಪ್‌ಸೆಟ್ಟಿನ ಪೈಪು ಎಲ್ಲಿಂದ ಎಳೆಯುವುದು ಅಂತ ಚಿಂತೆ ಮಾಡುತ್ತಿದ್ದರು. ನನಗೆ ಎದುರಿನ ತಟ್ಟೆಯನ್ನು ನೋಡಲೂ ಅಸಹ್ಯವಾಯಿತು.

ಆಗ ನಾದಿನಿಯ ಫೋನು ಬಂತು. ಇವರಿಗಿರುವ ಒಡಹುಟ್ಟು ಈ ತಂಗಿ ಒಬ್ಬಳೇ, ದೂರದ ಸಂಸೆ ಊರಿಗೆ ಕೊಟ್ಟಿದ್ದೇವೆ. ಸುದ್ದಿ ಆಗಲೇ ಘಾಟಿ ಹತ್ತಿ ಅಲ್ಲಿಗೂ ಮುಟ್ಟಿತ್ತು.

‘ಅತ್ತಿಗೆ, ನೀವು ಸೈನ್ ಹಾಕ್ಲಿಲ್ವಂತೆ?’ ಅಂದಳು.

ಹೌದು ಅಂದೆ. ‘ಹಾಕ್ದೆ ಇರಬಹುದು ಅಂತಲೇ ನಂಗೆ ಗೊತ್ತಿರ್ಲಿಲ್ಲ ಅತ್ತಿಗೆ. ಹಾಕಿ ಆಗಿದ್ನ ವಾಪಸ್ ಕೇಳ್ಬಹುದಾ?’

ಅತ್ತೆ, ಮಾವ ಹೋದ ಮೇಲೆ ಅವಳೂ ಬಂದು ಸಹಿ ಹಾಕಿ ಹೋಗಿದ್ದಳು. ಇವತ್ತು ನಾವು ಉಣ್ಣುವ ತೋಟದಲ್ಲಿ ಅರ್ಧ ಅವಳದ್ದು. ನಿನಗೇನು ಕಮ್ಮಿ ಮಾಡಿದ್ದೇವೆ ಅನ್ನುವ ಮಾತು, ಅಣ್ಣನ ಬಾಯಿಯಿಂದ ಬಂದದ್ದೇ, ನನ್ನ ಗಂಟಲಿನಲ್ಲಿ ರೆಡಿಯಾಗಿ ಬಂದು ನಿಂತಿತ್ತು. ಥೂ ಅನ್ನಿಸಿತು. ಎದುರಿಗೆ ಇವರು ಕೈಯಾಡಿಸಿ ಬೇಡ ಬೇಡ ಅನ್ನುತ್ತಿದ್ದರು.

‘ಕಾನೂನಲ್ಲಿ ಅದು ಮುಗ್ದಿದೆ’ ಅಂದೆ. ‘ಆದ್ರೆ ನಿಮ್ಮಣ್ಣ ಮನಸ್ಸು ಮಾಡಿದ್ರೆ ಕೊಡಬಹುದು. ಬಾ, ಎದುರು ಕೂತು ಕೇಳು. ನಾನೂ ಕೂತಿರ್ತೀನಿ.’

ಫೋನಿಟ್ಟೆ. ಓದಿ ಓದಿ ಮನೆ ಹಾಳು ಮಾಡ್ತಿದೀಯ, ಸೈನ್ ಹಾಕಿ ಮುಗಿದದ್ದನ್ನು ಕೆದಕುವವರುಂಟಾ ಅಂದರು ಇವರು. ಆಗಷ್ಟೇ ಕಾನೂನು ಹೇಳುತ್ತಿದ್ದ ಬಾಯಿ.

‘ಅವಳಿಗೆ ಕೊಡದೆ ನನ್ನ ಪಾಲು ಈ ಮನೆಗೆ ಬರಲ್ಲ ರೀ’ ಅಂದೆ. ಅವರು ಅನ್ನ ಕಲಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಹೊಳೆ ಬದಿಯ ಬ್ಲಾಕಿನ ಮಾತು ಆಮೇಲೆ ಅವರು ಎತ್ತಲಿಲ್ಲ.