ಹಸಿರು ಬಳಿದ ಕೆಂಪು ಲಾರಿ

ಐವತ್ತರ ಹತ್ತಿರ ಬಂದ ಚಿತ್ರಕಲಾ ಶಿಕ್ಷಕಿಯೊಬ್ಬಳ ಕಪಾಟಿನಲ್ಲಿ, ಇಳಕಲ್ ಸೀರೆಗಳ ಹಿಂದೆ, ಹನ್ನೊಂದು ರೋಬೋಟ್ ಗೊಂಬೆಗಳಿವೆ ಎಂದರೆ ನೀವು ನಗುತ್ತೀರಿ. ನಗಿ. ಶಹಾಪುರದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರೂ ಆಗಲೇ ನಕ್ಕು ಮುಗಿಸಿದ್ದಾರೆ. ಲಾರಿಯನ್ನೋ ವಿಮಾನವನ್ನೋ ಮಡಚಿ, ತಿರುವಿ, ಎಳೆದರೆ ಎರಡು ಕಾಲಿನ ಮೇಲೆ ನಿಲ್ಲುವ ಯಂತ್ರಮಾನವನಾಗುತ್ತದಲ್ಲ, ಅಂಥ ಗೊಂಬೆಗಳು. ವರ್ಷಗಳ ಹಿಂದೆ ಎಂಟನೆಯ ತರಗತಿಯ ಹುಡುಗಿಯೊಬ್ಬಳಿಂದ ಇಂಥದೊಂದನ್ನು ಕಸಿದುಕೊಂಡು ಬಂದೆ. ಊಟದ ಬಿಡುವೆಲ್ಲ ತಿರುವಿದರೂ ಅದು ಅರ್ಧ ಲಾರಿ, ಅರ್ಧ ಮನುಷ್ಯನಾಗಿಯೇ ಉಳಿಯಿತು. ಸಂಜೆ ಆ ಹುಡುಗಿಯನ್ನೇ ಕರೆದು ಕಲಿತುಕೊಂಡೆ. ಗೊಂಬೆ ಅವಳಿಗೆ ಮರಳಿತು, ಚಟ ನನ್ನಲ್ಲಿ ಉಳಿಯಿತು.

ಹನ್ನೊಂದರಲ್ಲಿ ನನಗೆ ಅಚ್ಚುಮೆಚ್ಚು ಇಟ್ಟಿಗೆಗೆಂಪಿನ ಲಾರಿ. ಹೋದ ತಿಂಗಳು ಯಾದಗಿರಿಯ ಆಟದ ಸಾಮಾನಿನ ಅಂಗಡಿಯ ಖಾಜಾಭಾಯಿ ಫೋನ್ ಮಾಡಿದರು. “ಮೇಡಂ, ನಿಮ್ಮ ಲಾರಿದು ಹೊಸ ಮಾಡಲ್ ಬಂದದ ನೋಡ್ರಿ. ಬಿಲ್ಕುಲ್ ಹೊಸಾದು!” ಹೋಲಿಸಿ ನೋಡಲೆಂದು ಕೆಂಪು ಲಾರಿಯನ್ನು ಚೀಲದಲ್ಲಿ ಹಾಕಿಕೊಂಡು ಭಾನುವಾರ ಬಸ್ಸು ಹತ್ತಿದೆ.

ಆ ಬಿಲ್ಕುಲ್ ಹೊಸದು ನನ್ನ ಹಳೆಯ ಲಾರಿಯೇ. ಹಸಿರು ಬಳಿದಿದ್ದರು, ಅಷ್ಟೆ. ಹಸಿರಾದರೂ ಎಂಥದು? ಗಿಣಿಯ ಹಸಿರಲ್ಲ, ಭತ್ತದ ಪೈರಿನ ಹಸಿರಲ್ಲ. ಎರಡು ದಿನ ಡಬ್ಬಿಯಲ್ಲಿ ಮರೆತುಹೋದ ಪುಂಡಿಪಲ್ಯದ ಹಸಿರು. ಪೆಟ್ಟಿಗೆಯ ಮೇಲೆ ಮಾತ್ರ ಬೇರೆ ಹೆಸರು, ಬೇರೆ ಚರಿತ್ರೆ. ಕೆಂಪಿನವನು ನ್ಯಾಯರಕ್ಷಕನಂತೆ, ಹಸಿರಿನವನು ಕೆಸರಿನಿಂದ ಎದ್ದುಬಂದ ಅವನ ಕಡುವೈರಿಯಂತೆ. ಅದೇ ಮೂಗು, ಅದೇ ಗದ್ದ, ಬೆನ್ನಿನ ಮೇಲೆ ಅದೇ ಅಚ್ಚಿನ ಗೀರು. ಬಣ್ಣ ಬಳಿದ ಮಾತ್ರಕ್ಕೆ ಗುಣವೂ ಕೆಟ್ಟುಹೋಗುವುದಾದರೆ ನಮ್ಮೂರಿನಲ್ಲಿ ಹಬ್ಬಕ್ಕೆ ಸುಣ್ಣ ಹೊಡೆಸಲು ಯಾರಿಗೂ ಧೈರ್ಯವಾಗುತ್ತಿರಲಿಲ್ಲ.

ನನಗೆ ಸಿಟ್ಟು ಬಂದರೆ ಪಾಠ ಶುರುವಾಗುತ್ತದೆ. ಸುರಪುರದ ಹಳೆಯ ಚಿತ್ರಗಾರರೂ ಒಂದೇ ದೇವರನ್ನು ಮತ್ತೆ ಮತ್ತೆ ಬರೆದರು, ಆದರೆ ಪ್ರತಿಸಲವೂ ಹೊಸದಾಗಿ ಗೆರೆ ಎಳೆದರು, ಚಿನ್ನದ ರೇಕು ಅಂಟಿಸುವಾಗ ಉಸಿರು ಬಿಗಿಹಿಡಿದರು. ಈ ಕಂಪನಿಯವರು ಏನು ಹಿಡಿದರು, ಬಣ್ಣದ ಡಬ್ಬಿಯನ್ನೇ ಅಲ್ಲವೇ ಎಂದು ಅರ್ಧ ಗಂಟೆ ಕೊರೆದೆ.

“ಮೇಡಂ, ಭಾಷಣ ಶಾಳ್ಯಾಗ ಮಾಡ್ರಿ,” ಎಂದರು ಖಾಜಾಭಾಯಿ. “ತಗೋತೀರೇನು, ಇಲ್ಲೇನು?”

ತೆಗೆದುಕೊಂಡೆ. ಬೈಯಲಿಕ್ಕಾದರೂ ವಸ್ತು ಕೈಯಲ್ಲಿರಬೇಕಲ್ಲ.

ಬೈಗುಳಕ್ಕೆ ಇನ್ನೊಬ್ಬ ಕೇಳುಗ ಬೇಕಾಗಿ ತಮ್ಮ ಶರಣುವಿನ ಅಂಗಡಿಗೆ ಹೋದೆ. ಯಾದಗಿರಿಯಲ್ಲೇ ಅವನು ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡುತ್ತಾನೆ. ಎರಡೂ ಲಾರಿಗಳನ್ನು ಅವನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, “ಏನನಸ್ತದ ಹೇಳು,” ಎಂದೆ.

ಅವನು ಕನ್ನಡಕ ಸರಿಮಾಡಿಕೊಂಡು ನೋಡಿದ. “ಒಂದೇ ನಮೂನಿವು ಎರಡ್ಯಾಕ ತಂದಿ, ಅಕ್ಕಾ?”

ಮೇಜು ಕುಟ್ಟಿ ನಕ್ಕೆ. ಇಷ್ಟು ಖಡಾಖಡಿ ವಿಮರ್ಶೆ ನನ್ನಿಂದಲೂ ಆಗಿರಲಿಲ್ಲ. ಆದರೆ ನಗು ಅರ್ಧಕ್ಕೇ ನಿಂತುಹೋಯಿತು. ಶರಣುವಿಗೆ ಕೆಂಪು, ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ.

ಅದು ಗೊತ್ತಾದದ್ದು ಅವನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ರೈಲು ಓಡಿಸುವ ಕೆಲಸಕ್ಕೆ ಲಿಖಿತ ಪರೀಕ್ಷೆ ಪಾಸಾಗಿದ್ದ. ವೈದ್ಯರು ಬಣ್ಣದ ಚುಕ್ಕೆಗಳ ಪುಸ್ತಕ ತೆರೆದು, ಒಳಗಿರುವ ಅಂಕಿ ಓದು ಎಂದರು. ಅವನಿಗೆ ಚುಕ್ಕೆಗಳಷ್ಟೇ ಕಂಡವು. ಕೆಲಸ ಕೈತಪ್ಪಿತು. ಊರಿಗೆ ಬಂದು ಅವ್ವನ ಕೆಟ್ಟುನಿಂತ ಹೊಲಿಗೆ ಯಂತ್ರ ಬಿಚ್ಚಿ ಕೂತ.

ವೈದ್ಯರಿಗಿಂತ ಮೊದಲೇ ನನಗೆ ಗೊತ್ತಾಗಬೇಕಿತ್ತು. ಅವನಿಗೆ ಎಂಟು, ನನಗೆ ಹದಿನೈದು. ಅವನಿಗೆ ಚಿತ್ರ ಕಲಿಸುವ ಹುಮ್ಮಸ್ಸು ನನ್ನದು. ಬೇವಿನ ಗಿಡ ಬರೆದು ಎಲೆಗಳಿಗೆಲ್ಲ ಕೆಂಪು ತುಂಬಿದ್ದ. ತುಂಟತನ ಎಂದು ಹಾಳೆ ಹರಿದೆ. ಮತ್ತೆ ಬರೆಸಿದೆ, ಮತ್ತೆ ಕೆಂಪು, ಮತ್ತೆ ಹರಿದೆ. ನಿಜ ತಿಳಿದ ಮೇಲೂ ಇಪ್ಪತ್ತು ವರ್ಷ ಆ ಮಾತು ಎತ್ತಿರಲಿಲ್ಲ.

ಇತ್ತ ಶರಣು ಎರಡೂ ಲಾರಿಗಳನ್ನು ತಿರುವುತ್ತಿದ್ದ. ಕಣ್ಣು ರಸ್ತೆಯ ಕಡೆ, ಬೆರಳು ಕೀಲುಗಳ ಮೇಲೆ. “ಇಲ್ಲಕ್ಕಾ, ಎರಡೂ ಒಂದಲ್ಲ,” ಎಂದ. “ಇದರ ಮೊಣಕೈ ಬಿಗಿ ಅದ, ಅದರದು ಜೋತುಬೀಳ್ತದ. ಒಳಗಿನ ಪಿನ್ನು ಬದಲಿ ಮಾಡ್ಯಾರ. ಯಾರೋ ಕೆಲಸ ಗೊತ್ತಿದ್ದಾಂವ ಮಾಡ್ಯಾನ.”

ಹಸಿರಿನವನ ತೋಳು ಎತ್ತಿದೆ, ಹಾಗೇ ನಿಂತಿತು. ಕೆಂಪಿನವನದು ಟಪ್ಪೆಂದು ಬಿತ್ತು. ಅರ್ಧ ಗಂಟೆ ತೀರ್ಪು ಕೊಟ್ಟವಳು ಮೊಣಕೈ ಮುಟ್ಟಿಯೂ ನೋಡಿರಲಿಲ್ಲ.

“ಶರಣು, ಸಣ್ಣಾಂವಿದ್ದಾಗ ನಿನ್ನ ಚಿತ್ರಾ ಹರದಿದ್ನಲ್ಲ,” ಎಂದೆ. “ತಪ್ಪು ನಂದು.”

ಅವನು ಎಣ್ಣೆಯ ಬಟ್ಟೆಯಲ್ಲಿ ಬೆರಳು ಒರೆಸಿಕೊಂಡ. ಒಂದೊಂದಾಗಿ, ಹತ್ತೂ ಬೆರಳು.

“ಬೇವಿನ ಗಿಡದ್ದೇನು? ಎರಡನೇ ಸಲಾ ಹರದಾಗ ಭಾಳ ಅತ್ತಿದ್ದೆ.” ಬಟ್ಟೆ ಬದಿಗಿಟ್ಟು ಹೇಳಿದ: “ಗಿಡಾ ಛಲೋ ಬಂದಿತ್ತಕ್ಕಾ.”

“ಹೌದು, ಛಲೋ ಬಂದಿತ್ತು,” ಎಂದೆ. ನಿಜವಾಗಿ ನನಗೆ ನೆನಪಿರಲಿಲ್ಲ. ಎಲೆ ಬಿಟ್ಟು ಬೇರೇನನ್ನೂ ಅಂದು ನಾನು ನೋಡಿರಲೇ ಇಲ್ಲ.

“ಜೋತುಬೀಳೂದು ಇಲ್ಲೇ ಬಿಟ್ಟು ಹೋಗು,” ಎಂದ ತಮ್ಮ. “ಬಿಗಿ ಮಾಡಿ ಕೊಡ್ತೀನಿ. ಈಗ ಚಾ ಕುಡಿ.”

ಹಾಗಾಗಿ ಹಸಿರು ಲಾರಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮರಳಿದೆ. ಪಕ್ಕದಲ್ಲಿ ಕೂತಿದ್ದ, ದೋರನಹಳ್ಳಿಗೆ ಹೊರಟಿದ್ದ ಹೆಂಗಸು ಬಹಳ ಹೊತ್ತು ನೋಡಿ, “ಏನ್ರೀ ಅಕ್ಕಾರ ಅದು?” ಎಂದಳು. ನಾಲ್ಕು ಸಲ ತಿರುವಿ ಮನುಷ್ಯನನ್ನಾಗಿ ಮಾಡಿ ತೋರಿಸಿದೆ. ಅವಳ ಮುಖ ಅರಳಿತು. “ಬಣ್ಣ ಭಾಳ ಛಂದ ಅದರೀ!”

“ಬಣ್ಣಕ್ಕ ಬೆಂಕಿ ಹಚ್ರಿ,” ಎಂದು ಅದರ ತೋಳು ಎತ್ತಿ ನಿಲ್ಲಿಸಿದೆ. “ಮೊಣಕೈ ನೋಡ್ರಿ!”