ಗಿಣ್ಣಿಲ್ಲದ ಎಲೆಗಳ ದಾನಶೂರ

ಬನಾಹಾವ್ ಬೆಟ್ಟದ ಬುಡದ ನಮ್ಮೂರಿನಲ್ಲಿ ಮರದ ಮೇಲೆ ಬದುಕುವ ಹೋಯಾದಂಥ ಬಳ್ಳಿಗಳಿಗೆಲ್ಲ ಲೆಯಾಂದ್ರೋನೇ ಚಕ್ರವರ್ತಿ. ಕಿರೀಟದ ಜಾಗದಲ್ಲಿ ತೂತುಬಿದ್ದ ಹುಲ್ಲಿನ ಟೋಪಿ, ಖಡ್ಗದ ಜಾಗದಲ್ಲಿ ತುಕ್ಕು ಹಿಡಿದ ಕತ್ತರಿ. ಯಾರಾದರೂ ಗುರುತು ಹಿಡಿಸಲು ಬಳ್ಳಿ ತಂದರೆ ಎಲೆ ಮುರಿದು ಹಾಲು ನೋಡುವನು, ಬಿಸಿಲಿಗೆ ಹಿಡಿದು ನರ ನೋಡುವನು, ಮೂಸುವನು. ಕೊನೆಗೆ ತೀರ್ಪು: "ಹೋಯಾನೇ. ಯಾವ ಹೋಯಾ ಅಂತ ಹೂವೇ ಬಾಯಿಬಿಡ್ಬೇಕು."

ಅವನ ಸಾಮ್ರಾಜ್ಯದ ಮಣಿ ಹೊಳೆದಂಡೆಯ ಸಾಂತೋಲ್ ಮರದಿಂದ ಇಳಿಬಿದ್ದಿತ್ತು. ಕಾಡಿನಲ್ಲಿ ಉರುಳಿದ್ದ ಮರದಿಂದ ಆ ಬಳ್ಳಿ ಬಿಡಿಸಿ ತಂದವಳು ಅವನ ತಾಯಿ ಫೆಲಿಸಾ. ಹೂವು ನೋಡದೆಯೇ ಸತ್ತಳು. ಈ ವರ್ಷ ಮೊದಲ ಬಾರಿಗೆ ಮೊಗ್ಗು ಬಂತು. ಹೂವು ಅರಳಿದಾಗ ಬರುತ್ತೇನೆ, ಹೊಸ ಜಾತಿಯಾದರೆ ಹೆಸರಿಡೋಣ ಎಂದು ಲಾಸ್ ಬಾನ್ಯೋಸ್‌ನ ಸಸ್ಯಪಂಡಿತೆ ಹೇಳಿಕಳಿಸಿದ್ದಳು.

"ಅಮ್ಮನ ಹೆಸರು ಇಡ್ಸು ಅಣ್ಣ," ಎಂದಳು ತಂಗಿ ಕಾರಿಂಗ್.

"ಅಮ್ಮ ಕಾಡಿಂದ ಸೌದೇನೂ ತಂದಿದ್ಲು, ಅದಕ್ಕೂ ಹೆಸರಿಡ್ಸೋಣ್ವಾ? ಸಾಕಿದ್ದು ನಾನು. ಲೆಯಾಂದ್ರೋ ಅಂತಲೇ ಇರ್ಲಿ, ಚೆನ್ನಾಗಿ ಕೇಳ್ಸತ್ತೆ."

"ಹಾಗಾದ್ರೆ ಒಂದು ತುಂಡಾದ್ರೂ ಕೊಡು. ಅವಳ ಗೋರಿ ಹತ್ರ ತೆಂಗಿನ ಸಿಪ್ಪೇಲಿ ಕಟ್ತೀನಿ."

ನಮ್ಮಲ್ಲಿ ಬೇಡಿದವರಿಗೆ ಇಲ್ಲ ಎಂದವನು ಮತ್ತೆ ಬೀದಿಯಲ್ಲಿ ತಲೆಯೆತ್ತುವಂತಿಲ್ಲ. ಲೆಯಾಂದ್ರೋ ಯಾರಿಗೂ ಇಲ್ಲ ಎಂದವನಲ್ಲ. ದಪ್ಪನೆಯ ಎಲೆಯೊಂದನ್ನು ಆರಿಸಿ, ಎಲೆ ಬಳ್ಳಿಗೆ ಕೂಡುವ ಗಿಣ್ಣಿಗೆ ತಾಕದಂತೆ ತೊಟ್ಟಿನಲ್ಲೇ ಕತ್ತರಿಸಿ, ಕರ್ಣನ ಗತ್ತಿನಲ್ಲಿ ನೀಡುತ್ತಿದ್ದ. ಅಂಥ ಎಲೆ ಬೇರು ಬಿಡುತ್ತದೆ, ವರ್ಷಗಟ್ಟಲೆ ಹಸಿರಾಗಿಯೂ ಇರುತ್ತದೆ. ಆದರೆ ಚಿಗುರು ಹೊರಡುವುದು ಗಿಣ್ಣಿನಿಂದ. ಅದಿಲ್ಲದ ಎಲೆ ಸಾಯುವ ತನಕ ಎಲೆಯೇ. ಬೀದಿಯ ಪ್ರತಿ ಕಿಟಕಿಯಲ್ಲೂ ಅವನ ಔದಾರ್ಯ ಒಂಟಿಕಾಲಿನಲ್ಲಿ ನಿಂತಿತ್ತು.

"ಮಾಮ, ನೀವು ಕೊಟ್ಟಿದ್ದು ಬೆಳೀತಾನೇ ಇಲ್ವಲ್ಲ," ಎಂದು ಪಕ್ಕದ ಮನೆಯ ನೆನಿತಾ ಕೇಳಿದರೆ, "ತಾಳ್ಮೆ ಇರ್ಲಿ ಕಣಮ್ಮ. ನಿನ್ ಗಂಡ ಬೆಳೆದಿದ್ದಾನಾ?" ಎನ್ನುತ್ತಿದ್ದ. ಬೀದಿಯೆಲ್ಲ ನಗುತ್ತಿತ್ತು.

ಕಾರಿಂಗ್‌ಗೂ ಕೊಟ್ಟ. ಒಂದು ಎಲೆ.

ಮೊಗ್ಗು ಬಿರಿಯುವ ವಾರ ಚಂಡಮಾರುತ ಬಂತು. ಹೊಳೆ ದಂಡೆಯನ್ನು ಕಚ್ಚಿತು. ಸಾಂತೋಲ್ ಮರ ಬಳ್ಳಿಯ ಸಮೇತ ಸಮುದ್ರಯಾತ್ರೆ ಹೊರಟಿತು. ಲೆಯಾಂದ್ರೋ ಕೆಸರಿನಲ್ಲಿ ಕೆಳಗಿನೂರಿನವರೆಗೆ ಹುಡುಕಿದ. ಒಂದು ಕಡ್ಡಿಯೂ ಸಿಗಲಿಲ್ಲ.

ಮರುದಿನ ಚಕ್ರವರ್ತಿ ಟೋಪಿ ಕೈಯಲ್ಲಿ ಹಿಡಿದು ಭಿಕ್ಷಾಟನೆಗೆ ಇಳಿದ. ತಾನು ಕೊಟ್ಟದ್ದು ಎಂಥದೆಂದು ತಿಳಿದಿದ್ದರೂ ಇಳಿದ. ಎಂದಾದರೂ ಕತ್ತರಿ ತಪ್ಪಿ, ತೊಟ್ಟಿನ ಜೊತೆ ಗಿಣ್ಣಿನ ಚೂರು ಹೋಗಿರಬಾರದೇ? ಮನೆಮನೆಯಲ್ಲೂ ಬೆರಳಿನಿಂದ ಮಣ್ಣು ಕೆದಕಿ ತೊಟ್ಟಿನ ಬುಡ ನೋಡಿದ. ಕತ್ತರಿ ಒಮ್ಮೆಯೂ ತಪ್ಪಿರಲಿಲ್ಲ.

"ಏನು ಹುಡುಕ್ತೀರಿ ಮಾಮ?"

"ಗಿಣ್ಣು."

ನೆನಿತಾಳಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಆಮೇಲೆ ಅವಳು ಬೈಯಲೂ ಇಲ್ಲ. "ತಾಳ್ಮೆ ಇರ್ಲಿ," ಎಂದು ಬಾಗಿಲು ಮುಚ್ಚಿದಳು.

ಕೊನೆಗೆ ಸ್ಮಶಾನ. ಕಾರಿಂಗ್ ತಾಯಿಯ ಶಿಲುಬೆಯ ಮೇಲಿನ ಕಸ ತೆಗೆಯುತ್ತಿದ್ದಳು. ಸಿಪ್ಪೆಯಲ್ಲಿ ಎಲೆ ಹಾಗೇ ಇತ್ತು, ಹೊಳೆಯುತ್ತಾ. ಲೆಯಾಂದ್ರೋ ಕೈ ಚಾಚಿದ.

"ಬಿಚ್ಬೇಡ," ಎಂದಳು ಅವಳು. "ನೀನು ಕೊಟ್ಟ ದಿನಾನೇ ನೋಡಿದ್ದೆ. ನಾನೂ ಅಮ್ಮನ ಮಗಳೇ ಅಲ್ವಾ, ಗಿಣ್ಣು ಗೊತ್ತಾಗಲ್ವಾ ನಂಗೆ?"

"ಮತ್ಯಾಕೆ ಕಟ್ದೆ?"

"ಅಮ್ಮ ನೋಡ್ಲಿ ಅಂತ. ಮಗ ಏನ್ ಕೊಟ್ಟ ಅಂತ."

ಹೂವು ಅರಳಬೇಕಿದ್ದ ಹೊತ್ತಿಗೆ ಸರಿಯಾಗಿ ಪಂಡಿತೆ ಬಂದಳು. ಲೆಯಾಂದ್ರೋ ಬೀದಿಯಿಂದ ಬೇಡಿ ತಂದಿದ್ದ ಎಲೆಗಳನ್ನೆಲ್ಲ ಅವಳ ಮುಂದೆ ಸಾಲಾಗಿ ಇಟ್ಟ. ಅವಳು ಒಂದನ್ನು ಮುರಿದು ಹಾಲು ನೋಡಿದಳು, ಬಿಸಿಲಿಗೆ ಹಿಡಿದಳು, ಮೂಸಿದಳು.

"ಹೋಯಾನೇ," ಎಂದಳು. "ಯಾವುದು ಅಂತ ಹೂವೇ ಹೇಳ್ಬೇಕಿತ್ತು."