ರಿಜಿಸ್ಟರಿನ ಮೇಲೆ ತಾತನ ಟವೆಲ್ಲು

ಆ ಭಾನುವಾರದ ಬಗ್ಗೆ ನನ್ನ ಡೈರಿಯಲ್ಲಿ ಇರುವುದು ಮೂರೇ ಮಾತು. "ತಾತ ಬಂದಿದ್ದರು. ಎಲ್ಲರೂ ಸೈಬರಿಗೆ ಹೋದೆವು. ನನ್ನದೇ ತಪ್ಪು." ಉಳಿದದ್ದನ್ನೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ, ಮತ್ತು ನನ್ನ ನೆನಪನ್ನು ನಾನು ಪೂರ್ತಿ ನಂಬುವವಳಲ್ಲ. ಅಕ್ಕನ ಮದುವೆಯ ದಿನ ಜಡಿಮಳೆ ಎಂದು ಎಷ್ಟೋ ವರ್ಷ ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಒಮ್ಮೆ ಫೋಟೊ ತೆಗೆದು ನೋಡಿದರೆ ಅಂಗಳದಲ್ಲಿ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಹಾಗಾಗಿ ಎಲ್ಲಿ ಸಂಶಯವಿದೆಯೋ ಅಲ್ಲಿ ಹೇಳಿಬಿಡುತ್ತೇನೆ. ಗೆದ್ದೆವು ಎನ್ನುವುದರಲ್ಲಿ ಮಾತ್ರ ಸಂಶಯವಿಲ್ಲ.

ಆಗ ನಾನು ಎಂ.ಎ. ಮುಗಿಸಿ ಚನ್ನಪಟ್ಟಣದ ಒಂದು ಕಾಲೇಜಿನಲ್ಲಿ ಇತಿಹಾಸದ ಅರೆಕಾಲಿಕ ಉಪನ್ಯಾಸಕಿಯಾಗಿದ್ದೆ. ಇದ್ದದ್ದು ಅಕ್ಕನ ಮನೆಯಲ್ಲಿ. ಅಕ್ಕನ ಮಗಳು ಪಿಯುಸಿ ಪಾಸಾಗಿ ಬಿಡದಿ ಕಡೆಯ ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದಕ್ಕೆ ಸೇರಿದ್ದಳು. ಆ ವರ್ಷಗಳಲ್ಲಿ ಮೈಸೂರು ರಸ್ತೆಯ ಎರಡು ಬದಿಗೂ ಹಿಪ್ಪುನೇರಳೆ ತೋಟಗಳ ನಡುವೆ ತಗಡಿನ ಷೆಡ್ಡುಗಳು ಏಳುತ್ತಿದ್ದವು. ಬೆಳಗ್ಗೆ ಫ್ಯಾಕ್ಟರಿ ಬಸ್ಸು ಹಾರನ್ ಹೊಡೆದರೆ ನಮ್ಮ ಬೀದಿಯೊಂದರಿಂದಲೇ ಎಂಟು ಹತ್ತು ಹುಡುಗಿಯರು ಊಟದ ಡಬ್ಬಿ ಹಿಡಿದು ಓಡುತ್ತಿದ್ದರು. ಇವಳದು ಪ್ಯಾಕಿಂಗ್ ವಿಭಾಗ: ಷರ್ಟು ಮಡಿಸಿ, ಒಳಗೆ ರಟ್ಟು ಇಟ್ಟು, ಕವರಿಗೆ ಹಾಕುವುದು. ಆದರೆ ಅವಳಿಗೆ ಬೇಕಾಗಿದ್ದದ್ದು ನರ್ಸಿಂಗ್. ಮೈಸೂರಿನ ಒಂದು ಕಾಲೇಜಿಗೆ ಅರ್ಜಿ ಹಾಕಿದ್ದಳು. ಸಂದರ್ಶನದ ಕರೆ ಇ-ಮೇಲಿನಲ್ಲಿ ಬರುತ್ತದೆ, ತಪ್ಪಿಸಿಕೊಂಡರೆ ಸೀಟು ಬೇರೆಯವರಿಗೆ ಎಂದು ಹೇಳಿದ್ದರು. ಅದಕ್ಕಾಗಿ ಪ್ರತಿ ಭಾನುವಾರ ನಾವಿಬ್ಬರೂ ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿಗೆ ಹೋಗುತ್ತಿದ್ದೆವು.

ಸೆಂಟರಿನ ಬಾಗಿಲಲ್ಲೇ ಒಂದು ಮೇಜು, ಅದರ ಮೇಲೆ ಉದ್ದನೆಯ ರಿಜಿಸ್ಟರು, ದಾರ ಕಟ್ಟಿದ ಪೆನ್ನು. ಬಂದವರು ಹೆಸರು, ವಿಳಾಸ, ಫೋನ್ ನಂಬರು, ಬಂದ ಹೊತ್ತು, ಹೋದ ಹೊತ್ತು ಬರೆಯಬೇಕು. ಕಂಪ್ಯೂಟರಿನಿಂದ ಯಾರಾದರೂ ಬೆದರಿಕೆ ಪತ್ರ ಕಳಿಸಿದರೆ ಪತ್ತೆ ಹಚ್ಚುವುದಕ್ಕೆಂದು ಅಂಥ ನಿಯಮ ಬಂದಿತ್ತು. ಬಹಳ ಜನ ಅಲ್ಲಿ ಕಾಗೆ ಕಾಲು ಗುಬ್ಬಿ ಕಾಲು ಗೀಚಿ ಒಳಗೆ ಹೋಗುತ್ತಿದ್ದರು. ನನಗೋ ನನ್ನ ಅಕ್ಷರ ಚೆನ್ನ ಎನ್ನುವ ಜಂಬ. ಅವಳ ಹೆಸರು, ನಮ್ಮ ಬೀದಿ, ಮನೆಗಿದ್ದ ಒಂದೇ ಮೊಬೈಲು ಅಂದರೆ ಬಾವನ ನಂಬರು, ಹತ್ತೂವರೆ ಎನ್ನುವ ಹೊತ್ತು, ಎಲ್ಲವನ್ನೂ ವಾರವಾರವೂ ದುಂಡಗೆ ಬರೆದವಳು ನಾನೇ. ಸಾಲದ್ದಕ್ಕೆ, ಕಂಪ್ಯೂಟರ್ ಖಾಲಿಯಾಗುವವರೆಗೆ ಹಿಂದಿನ ಪುಟಗಳನ್ನು ತಿರುವಿ ಯಾರ ಮನೆಯವರು ಯಾವಾಗ ಬಂದರು ಎಂದು ಓದುತ್ತಲೂ ಇದ್ದೆ. ಇದನ್ನು ಡೈರಿಯಲ್ಲಿ ಎಲ್ಲೂ ಬರೆದಿಲ್ಲ. ಬರೆಯದೆ ಮುಚ್ಚಿಟ್ಟಿದ್ದೇನೆ ಎಂದರೆ ಅದು ನಿಜವೇ ಇರಬೇಕು ಅನಿಸುತ್ತದೆ.

ಬಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಒಂದು ವಾರ ಅವರ ಮೊಬೈಲಿಗೆ ಕರೆಗಳು ಬರತೊಡಗಿದವು. ಇವರು "ಯಾರು?" ಅಂದರೆ ಅತ್ತಲಿಂದ ಕಟ್. ಆ ವಾರದ ಕೊನೆಗೆ ಬಂದ ಭಾನುವಾರ ಮೈ ಬಿಸಿಯೆಂದು ಹುಡುಗಿ ಸೈಬರಿಗೆ ಹೋಗಲಿಲ್ಲ. ಮಧ್ಯಾಹ್ನ ಒಬ್ಬ ಗಂಡಸು ಫೋನು ಮಾಡಿ, ಅವಳ ಹೆಸರು ಹಿಡಿದು, "ಇವತ್ತು ಹತ್ತೂವರೆಗೆ ಬರ್ಲೇ ಇಲ್ವಲ್ಲ?" ಎಂದು ಕೇಳಿದ. ಬಾವ ಫೋನನ್ನು ಚಾಪೆಯ ಮೇಲೆ ಇಟ್ಟು, ಮಗಳ ಕಡೆ ನೋಡದೆ, ಗೋಡೆಗೆ ಹೇಳುವಂತೆ ಹೇಳಿದರು.

"ಕೊಡದೆ ನಂಬರು ಗಾಳೀಲಿ ಹೋಯ್ತಾ? ಸಾಕು. ಫ್ಯಾಕ್ಟ್ರಿನೂ ಸಾಕು, ನರ್ಸೂ ಸಾಕು. ಅಪ್ಪನ್ನ ಕರೆಸ್ತೀನಿ, ಗಂಡು ನೋಡ್ಲಿ."

ಬಾವನ ತಂದೆಯನ್ನು ಮನೆಯಲ್ಲಿ ಎಲ್ಲರೂ ತಾತ ಅನ್ನುತ್ತಿದ್ದೆವು. ಬೈರಾಪಟ್ಟಣದಲ್ಲಿ ಜಮೀನು, ಅದರ ಜೊತೆಗೆ ದನದ ದಳ್ಳಾಳಿ. ತಿಪ್ಪಸಂದ್ರದಿಂದ ಮರಳವಾಡಿವರೆಗೆ ಎತ್ತು ಕೊಳ್ಳುವವರು, ಮಾರುವವರು ಇವರ ಕೈ ಹಿಡಿಯದೆ ವ್ಯಾಪಾರ ಮುಗಿಸುತ್ತಿರಲಿಲ್ಲ. ಕೈ ಹಿಡಿಯುವುದು ಎಂದರೆ ನಿಜವಾಗಿಯೂ ಹಿಡಿಯುವುದೇ. ಸುತ್ತ ಜನ ಗುಂಪು ಕಟ್ಟಿ ನಿಂತಿರುವಾಗ ಕೈಗಳ ಮೇಲೆ ಟವೆಲ್ಲು ಹೊದಿಸಿ, ಒಳಗೆ ಬೆರಳು ಹಿಡಿದು ಬೆಲೆ ಹೇಳುವುದು, ಬೆರಳು ಹಿಡಿದೇ ಬೇಡವೆನ್ನುವುದು. ಬಾಯಲ್ಲಿ ಮಳೆ ಬೆಳೆಯ ಮಾತು, ಕೈಯಲ್ಲಿ ವ್ಯಾಪಾರ.

ಮುಂದಿನ ಭಾನುವಾರ ತಾತ ಮೊದಲ ಬಸ್ಸಿಗೇ ಬಂದರು. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡರು.

"ನಂಬರು ಕೊಟ್ಯಾ ಕೂಸೆ?"

"ಇಲ್ಲ ತಾತ."

"ಕೊಟ್ಟಿದ್ರೆ ಕೊಟ್ಟೆ ಅನ್ನು. ನಾನೇನ್ ಹೊಡ್ಯಕ್ಕಿಲ್ಲ."

"ಅಪ್ಪನ ಜೇಬಲ್ಲಿರೋ ಫೋನಿನ ನಂಬರು ಯಾವಳಾದ್ರೂ ಕೊಡ್ತಾಳಾ ತಾತ? ಕೊಡೋ ಹಂಗಿದ್ರೆ ಚಿಕ್ಕಮ್ಮನ ಕಾಲೇಜಿಂದು ಕೊಡ್ತಿದ್ದೆ."

ತಾತ ಹೊಟ್ಟೆ ಕುಲುಕಿಸಿಕೊಂಡು ನಕ್ಕರು. "ಲೋ, ನಿಂಗಿಂತ ನಿನ್ ಮಗಳೇ ವಾಸಿ ಕಣ್ಲಾ."

"ನಗೋ ವಿಷಯ ಅಲ್ಲಪ್ಪ ಇದು," ಎಂದರು ಬಾವ.

"ಸಂತೇಲಿ ರೇಟು ಹೊರಗೆ ಬಿತ್ತು ಅಂದ್ರೆ ಎತ್ತಿಗೆ ಬಯ್ಯಕ್ಕಿಲ್ಲ ಕಣ್ಲಾ. ಟವಲ್ಲು ಎಲ್ಲಿ ಸರ್ದೈತೆ ಅಂತ ನೋಡ್ತೀವಿ. ಆ ನನ್ಮಗ ಹೆಸ್ರು ಹೇಳ್ದ. ಹೊತ್ತೂ ಹೇಳ್ದ. ಹೆಸ್ರು, ಹೊತ್ತು, ನಂಬರು ಮೂರೂ ಒಂದೇ ಕಡೆ ಎಲ್ಲೈತೆ? ಅದ್ ಹೇಳು ಮೊದ್ಲು."

ತನ್ನನ್ನು ಎತ್ತಿಗೆ ಹೋಲಿಸಿದ್ದಕ್ಕೆ ಹುಡುಗಿ ಮುಖ ಗಂಟಿಕ್ಕಿದಳು. "ರಿಜಿಸ್ಟರು," ಎಂದೆ. ಎಂದೆನೇ? ಆ ಮಾತು ಆಡಿದ್ದು ಹುಡುಗಿ, ನೀನು ಸುಮ್ಮನೆ ನೆಲ ನೋಡುತ್ತಿದ್ದೆ ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ. ಇರಬಹುದು. ತಪ್ಪೊಪ್ಪಿಕೊಂಡವಳು ನಾನೇ ಎಂದು ನೆನಪಿಟ್ಟುಕೊಳ್ಳುವುದರಲ್ಲಿ ನನಗೆ ಲಾಭವಿದೆ.

ಅಕ್ಕ ಮನೆಯಲ್ಲಿ ಉಳಿದಳು, ನಾವು ನಾಲ್ವರೂ ಹೊರಟೆವು. ರಿಜಿಸ್ಟರು ಎಂದಿನಂತೆ ಬಾಯಿ ತೆರೆದು ಮಲಗಿತ್ತು. ಎರಡು ಕುರ್ಚಿಗಳಲ್ಲಿ ಇಬ್ಬರು ಹುಡುಗರು ಸರದಿಗೆ ಕಾಯುತ್ತಿದ್ದರು. ಓದಲು ಬೇರೇನೂ ಇಲ್ಲದ್ದಕ್ಕೋ ಏನೋ, ಅವರ ಕಣ್ಣು ಆ ಪುಟದ ಮೇಲೇ ಇತ್ತು. ತಾತನಿಗೆ ಅಕ್ಷರ ಬರುತ್ತಿರಲಿಲ್ಲ. "ಓದವ್ವ, ಏನೈತೆ ಕೇಳಾನ," ಎಂದರು. ನಾನು ಹಿಂದಿನ ಪುಟ ತೆಗೆದು ಓದಿದೆ: ನಮ್ಮ ಹುಡುಗಿಯ ಹೆಸರು, ಬೀದಿ, ನಂಬರು. ಅದರ ಕೆಳಗೆ ಇನ್ನೊಬ್ಬಳು, ಅವಳ ಬೀದಿ, ಅವಳ ನಂಬರು. ಗಟ್ಟಿಯಾಗಿ ಓದುವಾಗಲೇ ನನಗೆ ಕೇಳಿಸಿದ್ದು, ಇಷ್ಟು ದಿನ ಬರೆದದ್ದು ಏನೆಂದು.

"ತಡಿ," ಎಂದರು ಬಾವ. ಬಗ್ಗಿ ನೋಡಿದರು. ಅವರ ನಂಬರಿನ ಪಕ್ಕದಲ್ಲಿ ಪೆನ್ಸಿಲಿನ ಒಂದು ಸಣ್ಣ ಗೆರೆ. ಪುಟ ತಿರುವಿದರು. ಅಲ್ಲೂ ಗೆರೆ. ಪುಟಪುಟದಲ್ಲೂ, ಹೆಣ್ಣು ಹೆಸರುಗಳ ಪಕ್ಕದಲ್ಲಷ್ಟೇ, ಅಂಗಡಿ ಸಾಮಾನಿನ ಪಟ್ಟಿಗೆ ಗುರುತು ಹಾಕಿದಂತೆ ಗೆರೆಗಳು. ಗಂಡಸರ ಒಂದು ನಂಬರಿಗೂ ಗೆರೆ ಇರಲಿಲ್ಲ. ಬಾವ ಬಹಳ ಹೊತ್ತು ಆ ಪುಟಗಳನ್ನು ನೋಡಿದರು. ಆಮೇಲೆ ಮಗಳ ಮುಖ ನೋಡಿದರು. ಒಂದು ವಾರದಲ್ಲಿ ಅದೇ ಮೊದಲು.

ತಾತ ಹೆಗಲ ಮೇಲಿನ ಟವೆಲ್ಲು ತೆಗೆದು, ಒದರಿ, ರಿಜಿಸ್ಟರಿನ ಮೇಲೆ ಹೊದಿಸಿಬಿಟ್ಟರು.

ಸೆಂಟರಿನ ಮಾಲೀಕ ನನ್ನ ವಯಸ್ಸಿನವನು, ಕೆಟ್ಟವನಲ್ಲ. ಗಾಬರಿಯಾದ. "ಯಜಮಾನ್ರೆ, ಇದು ಪೊಲೀಸ್ನೋರ ರೂಲು. ಬರೆಸಲಿಲ್ಲ ಅಂದ್ರೆ ಅಂಗಡಿಗೆ ಬೀಗ."

"ಬರೆಸು ಕಣಪ್ಪ, ಬ್ಯಾಡ ಅಂದೋರ್ಯಾರು? ಪೊಲೀಸ್ನೋರಿಗೆ ಬರ್ದಿದ್ನ ಈ ಪಡ್ಡೆ ಹೈಕಳು ಯಾಕೆ ಓದ್ಬೇಕು?"

"ಮೇಜಿನ ಮೇಲೆ ಇಡದೆ ತಲೆ ಮೇಲೆ ಇಟ್ಕೊಳ್ಳಾನಾ?"

"ನಿನ್ ತಲೆ ಮ್ಯಾಲೆ ಇದ್ದಿದ್ರೂ ಒಸಿ ಭದ್ರವಾಗಿರ್ತಿತ್ತು."

ಕಾಯುತ್ತಿದ್ದ ಹುಡುಗರಲ್ಲಿ ಒಬ್ಬ ನಕ್ಕ. ತಾತ ಅವನ ಕಡೆ ತಿರುಗಿ, "ನಿನ್ ಜೇಬಲ್ಲಿ ಪೆನ್ಸಿಲ್ ಐತೇನ್ಲಾ?" ಅಂದರು, ಬಹಳ ಸಮಾಧಾನವಾಗಿ. ಹುಡುಗರಿಬ್ಬರೂ ಎದ್ದು ಹೋದರು. ಗೆರೆ ಎಳೆದವರು ಅವರೇ ಎನ್ನಲು ನನ್ನಲ್ಲಿ ಆಧಾರವಿಲ್ಲ. ನನ್ನ ನೆನಪು ಮಾತ್ರ ಅವರಿಗೆ ಕಳ್ಳರ ಮುಖ ಕೊಟ್ಟಿದೆ.

ಆ ರೂಲಿನಲ್ಲಿ ಏನಿದೆ ನೋಡೋಣವೆಂದು ಮಾರನೆಯ ದಿನ ಮಾಲೀಕನೂ ನಾನೂ ಪೊಲೀಸ್ ಠಾಣೆಗೆ ಹೋದೆವು. ಅವನಿಗೆ ಬರುವ ಮನಸ್ಸಿರಲಿಲ್ಲ. ಬಾವ ಡಿಪೋಗೆ ಅರ್ಧ ದಿನ ರಜೆ ಹಾಕಿ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ತಂದುಬಿಟ್ಟರು. ಹೆಡ್ ಕಾನ್‌ಸ್ಟೇಬಲ್ ಫೈಲಿನಿಂದ ಸುತ್ತೋಲೆ ತೆಗೆದುಕೊಟ್ಟರು. ಇತಿಹಾಸ ಓದಿದ್ದರಿಂದ ನನಗೆ ಬಂದ ಒಂದೇ ವಿದ್ಯೆ ಹಳೆಯ ಕಾಗದವನ್ನು ಸಾಲು ಬಿಡದೆ ಓದುವುದು. ಓದಿದೆ. ವಿವರ ಬರೆಸಬೇಕು ಎಂದಿತ್ತು. ಇಟ್ಟುಕೊಂಡಿರಬೇಕು ಎಂದಿತ್ತು. ಅಧಿಕಾರಿಗಳು ಕೇಳಿದಾಗ ತೋರಿಸಬೇಕು ಎಂದಿತ್ತು.

"ಸರ್, ಬಾಗಿಲಲ್ಲಿ ಬಿಚ್ಚಿಡಬೇಕು ಅಂತ ಇದರಲ್ಲಿ ಎಲ್ಲೂ ಇಲ್ಲ," ಎಂದೆ.

ಅವರು ಕಾಗದ ತಿರುಗಿಸಿ ಹಿಂಬದಿಯನ್ನೂ ನೋಡಿದರು. "ನೀವೇನ್ ವಕೀಲ್ರಾ ಮೇಡಂ?"

"ಅಲ್ಲ ಸರ್. ಪಾಠ ಮಾಡ್ತೀನಿ."

"ಅದೇ ಮತ್ತೆ." ಮಾಲೀಕನ ಕಡೆ ತಿರುಗಿದರು. "ನನ್ ಮಗಳೂ ರಿಸಲ್ಟ್ ನೋಡಕ್ಕೆ ನಿನ್ ಅಂಗ್ಡಿಗೇ ಬಂದಿದ್ಲಲ್ಲೋ. ಅವಳ ನಂಬರೂ ಹಂಗೇ ಬಿದ್ದೈತಾ?" ಸುತ್ತೋಲೆಯನ್ನು ಮತ್ತೆ ಫೈಲಿಗೆ ಸೇರಿಸಿದರು. "ಇವತ್ತಿಂದ ಮುಚ್ಚಿಡು. ನಾವು ಕೇಳ್ದಾಗ ತೆಗಿ. ಇನ್ಯಾರಾದ್ರೂ ಕೇಳಿದ್ರೆ ನಮ್ ಹತ್ರ ಕಳ್ಸು."

ಮುಚ್ಚಿಟ್ಟರೂ ಬರೆಯುವವರಿಗೆ ತೆರೆಯಲೇಬೇಕಲ್ಲ, ಆಗ ಮೇಲಿನ ಸಾಲುಗಳು ಕಾಣುತ್ತವಲ್ಲ? ಇದಕ್ಕೆ ಪರಿಹಾರ ಹುಡುಕಿದ್ದು ನಮ್ಮ ಹುಡುಗಿ. ಸುಕ್ಕು ಬಿದ್ದು ಬೇಡವಾದ ಷರ್ಟಿನ ರಟ್ಟೊಂದನ್ನು ಫ್ಯಾಕ್ಟರಿಯಿಂದ ಕೇಳಿ ತಂದಳು. ಪುಟದ ಅಗಲಕ್ಕೆ, ಒಂದೇ ಸಾಲು ಕಾಣುವಷ್ಟು ಕಿರಿದಾದ ಕಿಂಡಿ ಕತ್ತರಿಸಿದಳು. ರಟ್ಟನ್ನು ಪುಟದ ಮೇಲಿಟ್ಟರೆ ಬರೆಯುವವರಿಗೆ ತಮ್ಮ ಸಾಲಷ್ಟೇ ಕಾಣುತ್ತದೆ. ಬರೆದಾದ ಮೇಲೆ ಮಾಲೀಕ ರಟ್ಟನ್ನು ಒಂದು ಸಾಲು ಕೆಳಗೆ ಸರಿಸುತ್ತಾನೆ. ಇಷ್ಟೇ. ಹುಡುಗಿಯರು ಒಬ್ಬೊಬ್ಬರಾಗಿ ಮತ್ತೆ ಬರತೊಡಗಿದ ಮೇಲೆ, ಅವರು ಬರುವುದನ್ನೇ ಬಿಟ್ಟಿದ್ದರು ಎನ್ನುವುದು ನಮಗೆ ತಿಳಿಯಿತು. ರಾಮನಗರದ ಇನ್ನೊಂದು ಸೈಬರಿನವನು ಬಂದು ನೋಡಿ, ತನಗೂ ಒಂದು ರಟ್ಟು ಬೇಕೆಂದ. ಹುಡುಗಿ ಎರಡು ಮಾಡಿಕೊಟ್ಟಳು.

ಅಷ್ಟಕ್ಕೇ ತಾತ ಬಿಡಲಿಲ್ಲ. ಮುಂದಿನ ಭಾನುವಾರ ಮತ್ತೆ ಬಂದರು. "ಆ ಡಬ್ಬದೊಳಗೆ ಕಾಗದ ಬತ್ತದೆ ಅಂತೀಯಲ್ಲ, ಅದ್ನ ಯಾರ್ ಬೇಕಾದ್ರೂ ತೆಗಿಬೋದಾ?"

"ಪಾಸ್‌ವರ್ಡ್ ಇರ್ತದೆ ತಾತ. ಗುಟ್ಟಿನ ಮಾತು."

"ಯಾರ್ಯಾರಿಗೆ ಗೊತ್ತು?"

ಹುಡುಗಿ ಬೆರಳು ಮಡಿಚಿದಳು. "ನಂಗೆ, ಚಿಕ್ಕಮ್ಮಂಗೆ, ಅಂಗಡಿ ಅಣ್ಣಂಗೆ. ಮರೆತು ಹೋದ್ರೆ ಅಂತ ಅಣ್ಣ ಬುಕ್ಕಲ್ಲಿ ಬರ್ಕೊಂಡವ್ನೆ."

"ಮೂರು ಜನಕ್ಕೆ ಗೊತ್ತಿದ್ರೆ ಅದೇನ್ ಗುಟ್ಟು, ಡಂಗೂರ."

ಆಗ ನಾನು ಪಂಡಿತೆಯಂತೆ ವಿವರಿಸಲು ಹೊರಟೆ. ನಾವು ಟೈಪು ಮಾಡಿದ ಪಾಸ್‌ವರ್ಡ್ ತಂತಿಯಲ್ಲಿ ಹಾಗೇ ಹೋಗುವುದಿಲ್ಲ, ಕಂಪ್ಯೂಟರ್ ಅದನ್ನು ಕಲಸಿ ಗುರುತು ಸಿಗದಂತೆ ಮಾಡಿ ಕಳಿಸುತ್ತದೆ. ಕಲಸುವ ವಿಧಾನ ಲೋಕಕ್ಕೆಲ್ಲ ಗೊತ್ತಿದ್ದರೂ ಕೀಲಿ ಇಲ್ಲದವರಿಗೆ ಬಿಡಿಸಲಾಗದು. ಪರದೆಯ ಮೂಲೆಯಲ್ಲಿ ಬೀಗದ ಚಿತ್ರ ಬಂದರೆ ಅದೇ ಗುರುತು. ಹೇಳುತ್ತ ಹೇಳುತ್ತ ನನಗೇ ತೊಡಕಾಯಿತು. ತಾತ ತಲೆಯಾಡಿಸಿದರು.

"ಅಷ್ಟೇ ತಾನೆ? ಬೆರಳಿನ ಲೆಕ್ಕ ಸಂತೆಗೆಲ್ಲ ಗೊತ್ತು ಕಣವ್ವ. ಯಾವ ಬೆರಳು ಹಿಡ್ದೆ ಅನ್ನೋದು ಮಾತ್ರ ಇಬ್ರಿಗೇ."

ಆಮೇಲೆ ಇದರ ಬಗ್ಗೆ ಎಷ್ಟೋ ಪುಸ್ತಕ ಓದಿದ್ದೇನೆ. ಅದಕ್ಕಿಂತ ಚೆನ್ನಾಗಿ ಹೇಳಿದವರು ನನಗೆ ಸಿಕ್ಕಿಲ್ಲ.

ಸೈಬರಿನಲ್ಲಿ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಪಾಸ್‌ವರ್ಡ್ ಬದಲಿಸುವ ಪುಟ ತೆಗೆದುಕೊಟ್ಟು, ನಾನು ಪಕ್ಕದಲ್ಲೇ ನಿಂತಿದ್ದೆ. "ನೀನೂ ತಿರುಗು ಅವ್ವ," ಎಂದರು ತಾತ. ಬಾವನಿಗೂ ಹೇಳಿದರು, "ಲೋ, ನೀನೂ." ಬಾವ ಒಂದು ಕ್ಷಣ ನಿಂತರು. ಮಗಳಿಗೆ ತನಗೆ ಗೊತ್ತಿಲ್ಲದ ಒಂದು ಮಾತು ಇರುವುದನ್ನು ಯಾವ ತಂದೆ ಸುಲಭವಾಗಿ ಒಪ್ಪುತ್ತಾನೆ? ಆದರೂ ತಿರುಗಿದರು. ತಾತ ಕೀಬೋರ್ಡಿನ ಮೇಲೆ, ಅವಳ ಎರಡು ಕೈಗಳ ಮೇಲೆ ಟವೆಲ್ಲು ಹೊದಿಸಿ ತಾವೂ ಬಾಗಿಲ ಕಡೆ ಮುಖ ಮಾಡಿದರು. ಮೂವರು ಹಿರಿಯರು ಬೆನ್ನು ತೋರಿಸಿ ನಿಂತ ಆ ಅಂಗಡಿಯಲ್ಲಿ ಟವೆಲ್ಲಿನ ಕೆಳಗೆ ಕೀಲಿಗಳು ಕಟಕಟ ಸದ್ದು ಮಾಡಿದವು. ಒಮ್ಮೆ ನಿಂತವು. ಖಾತ್ರಿಗೆಂದು ಮತ್ತೊಮ್ಮೆ ಅಷ್ಟೇ ಕಟಕಟ.

"ಆಯ್ತು ತಾತ."

ನನ್ನ ನೆನಪಿನಲ್ಲಿ ಅವಳು ಆ ಕ್ಷಣವೇ ಇ-ಮೇಲ್ ತೆರೆದು ಸಂದರ್ಶನದ ಕರೆ ಕಾಣುತ್ತಾಳೆ. ಡೈರಿ ಒಪ್ಪುವುದಿಲ್ಲ. ಕರೆ ಬಂದದ್ದು ಅದರ ಮುಂದಿನ ಭಾನುವಾರ, ತಾತ ಊರಿನಲ್ಲಿದ್ದಾಗ. ಆದರೆ ಅವತ್ತು ಬಾವ ಹೇಳಿದ್ದು ಡೈರಿಯಲ್ಲಿ ಅಕ್ಷರಕ್ಕೆ ಅಕ್ಷರ ಇದೆ. ಪರದೆಯ ಮೇಲಿನ ಕಾಗದವನ್ನು ಎರಡು ಸಲ ಓದಿಸಿ, ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು, "ಬೆಳಗ್ಗೆ ಆರಕ್ಕೆ ನಮ್ ಡಿಪೋದ್ದೇ ಬಸ್ಸು ಐತೆ. ಡ್ರೈವರ್ ಹಿಂದಿನ ಸೀಟು ಹಿಡಿಸ್ತೀನಿ" ಎಂದರು. ಗಂಡು ಹುಡುಕುವ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ, ಅವಳು ಕೋರ್ಸು ಮುಗಿಸಿ ತಾನೇ ಎತ್ತುವವರೆಗೆ.

ಈಗ ಅವಳು ವಾರ್ಡಿನ ಉಸ್ತುವಾರಿ ನರ್ಸು. ಕಳೆದ ಸಲ ನೋಡಲು ಹೋದಾಗ ಒಂದು ಹಾಸಿಗೆಯ ತುದಿಯಲ್ಲಿ ರೋಗಿಯ ಚೀಟಿ ಬರಹ ಎಲ್ಲರಿಗೂ ಕಾಣುವಂತೆ ತೂಗುತ್ತಿತ್ತು. ಮಾತಾಡುತ್ತಲೇ ಕೈ ಚಾಚಿ ಅದನ್ನು ಮಗುಚಿಟ್ಟಳು. ಹೊರಗೆ ಕಾಫಿ ಕುಡಿಯುವಾಗ ಕೇಳಿದೆ, "ಅವತ್ತು ಏನು ಪಾಸ್‌ವರ್ಡ್ ಇಟ್ಟೆ?"

"ಅದು ನಂಗೂ ತಾತನ ಟವಲ್ಲಿಗೂ ಗೊತ್ತು ಚಿಕ್ಕಮ್ಮ."

ಎಷ್ಟು ಪೀಡಿಸಿದರೂ ಹೇಳಲಿಲ್ಲ. ಆ ದಿನಗಳ ಪ್ರತಿಯೊಂದು ವಿವರವನ್ನೂ ನನ್ನ ನೆನಪು ಒಂದಿಷ್ಟು ತಿದ್ದಿಕೊಂಡಿರಬೇಕು. ಇದೊಂದನ್ನು ಮಾತ್ರ ತಿದ್ದಲು ಅದಕ್ಕೆ ದಾರಿಯಿಲ್ಲ. ನಾನು ಬೆನ್ನು ತಿರುಗಿಸಿ ನಿಂತಿದ್ದೆ.